ಆಯುಧಪೂಜೆಗೆ ಕೂತ ಕಡಲ ಗಡಿಯಾರ

ನಮ್ಮ ರಾಯದುರ್ಗದಲ್ಲಿ ಕೈಗೆ ಗಡಿಯಾರ ಕಟ್ಟಿಕೊಂಡು ಬೀದಿಗಿಳಿದವನು ತನ್ನ ಪಾಡಿಗೆ ತಾನಿರುವ ಮನುಷ್ಯನಾಗಿ ಉಳಿಯುವುದಿಲ್ಲ, ಸಾರ್ವಜನಿಕ ಸ್ವತ್ತಾಗುತ್ತಾನೆ. ಚಾವಡಿಯ ಮುಂದಿನ ಕಟ್ಟೆಯ ಮೇಲೆ ಹೋಗಿಬರುವವರೆಲ್ಲ ಒಂದು ಗಳಿಗೆ ಕೂತು ಏಳುವಂತೆ ಅವನ ಮಣಿಕಟ್ಟಿನ ಮೇಲೂ ಊರಿನ ಕಣ್ಣು ಕೂತು ಏಳುತ್ತದೆ. ಕೇಳುವವರಿಗೆ ಹಿಡಿಯಬೇಕಾದ ರೈಲಿಲ್ಲ, ಹಾಜರಾಗಬೇಕಾದ ಕಚೇರಿಯಿಲ್ಲ, ಹೊತ್ತಿಗೆ ಸರಿಯಾಗಿ ನುಂಗಬೇಕಾದ ಗುಳಿಗೆಯೂ ಇಲ್ಲ, ಆದರೂ ಕೇಳುತ್ತಾರೆ. ಸಂತೆಯ ದಿನ ತೆಲುಗಿನಲ್ಲಿ, ಉಳಿದ ದಿನ ಕನ್ನಡದಲ್ಲಿ. ಸಂಜೆ ಶಾಲೆಯ ಗೋಡೆಯ ಮಗ್ಗುಲಲ್ಲಿ ಕುರಿ ಹೊಡೆದುಕೊಂಡು ಬರುವ ಮಲ್ಲಪ್ಪನಂತೂ ಒಂದು ದಿನವೂ ತಪ್ಪಿಸಿದವನಲ್ಲ. “ಟೈಮ್ ಎಷ್ಟಾತ್ರಿ ಮೇಷ್ಟ್ರ?” ಎನ್ನುತ್ತಾನೆ. ನಾನು ನಿಂತು, ಅಂಗಿಯ ತೋಳು ಸರಿಸಿ, ಕನ್ನಡಕ ಏರಿಸಿ, ಐದೂವರೆ ಎನ್ನುತ್ತೇನೆ. ಅವನು ಪಡುವಣದ ಕಡೆ ಒಮ್ಮೆ ಕತ್ತೆತ್ತಿ ನೋಡಿ, “ಹೌದ್ರಿ, ಆಗಿರಬೇಕು” ಎಂದು ಹೊರಡುತ್ತಾನೆ. ಹೊತ್ತು ಅವನಿಗೆ ಮೊದಲೇ ಗೊತ್ತಿರುತ್ತದೆ; ನನ್ನ ಗಡಿಯಾರಕ್ಕೆ ಗೊತ್ತಿದೆಯೇ ಎಂದು ಪರೀಕ್ಷಿಸುತ್ತಿದ್ದಾನೆಂದೇ ನಾನು ಬಹುಕಾಲ ತಿಳಿದಿದ್ದೆ. ಪರೀಕ್ಷೆಯ ಕಾಗದ ತಿದ್ದಿ ತಿದ್ದಿಯೇ ಸವೆದವನಿಗೆ ಲೋಕವೆಲ್ಲ ಪರೀಕ್ಷಕರಿಂದ ತುಂಬಿದಂತೆ ಕಂಡರೆ ಆಶ್ಚರ್ಯವೇನಿಲ್ಲ.

ನಾನು ಇಲ್ಲಿಯ ಶಾಲೆಯಲ್ಲಿ ಕನ್ನಡ ಪಂಡಿತ. ರಸ, ಭಾವ, ಅಲಂಕಾರಗಳನ್ನು ಹುಡುಗರಿಗೆ ಬೋಧಿಸುವುದು ನನ್ನ ವೃತ್ತಿಯಾದ್ದರಿಂದ ನನ್ನ ದೇಹಸ್ಥಿತಿಯನ್ನೂ ಅದೇ ಪರಿಭಾಷೆಯಲ್ಲಿ ಹೇಳಬೇಕೆಂದರೆ, ದಣಿವೆಂಬುದು ನನಗೆ ಈಚೆಗೆ ಸ್ಥಾಯೀಭಾವವಾಗಿದೆ. ಸಿಟ್ಟು, ಸಂತೋಷ, ಹಸಿವು ಮುಂತಾದುವೆಲ್ಲ ಬಂದು ಹೋಗುವ ಸಂಚಾರಿಗಳು. ಎದ್ದಾಗಲೇ ದಣಿದಿರುತ್ತೇನೆ. ಮಲಗಿ ದಣಿಯುವ ಈ ವಿದ್ಯೆ ಎಲ್ಲಿ ಕಲಿತಿರಿ ಎಂದು ನನ್ನಾಕೆ ಕೇಳಿದಾಗ ಅದಕ್ಕೂ ಉತ್ತರ ಹೇಳಲು ದಣಿವು. ಆದ್ದರಿಂದ, ಓದುಗ ಮಹಾಶಯರೆ, ಈ ಬರಹದಲ್ಲಿ ನಾನು ಅಲ್ಲಲ್ಲಿ ಕೂತು ಕೂತು ನಡೆದರೆ ನೀವೂ ನನ್ನ ಜೊತೆ ಕೂರಬೇಕು. ಮುಂದೆ ಹೋಗಿ ನಿಂತು ತಿರುಗಿ ನೋಡಿ ನನ್ನನ್ನು ನಾಚಿಸಬಾರದು.

ಹೇಳಲು ಹೊರಟದ್ದು ಗಡಿಯಾರದ ವಿಷಯ. ನನಗೆ ಮೊದಲು ಇದ್ದದ್ದು ಒಂದು ಸಾಧಾರಣ ಕೈಗಡಿಯಾರ. ಅದರದು ಶೀತಪ್ರಕೃತಿ. ಮುಖ ತೊಳೆಯುವಾಗ ಎರಡು ಹನಿ ಸಿಡಿದರೆ ಸಾಕು, ಗಾಜಿನೊಳಗೆ ಮಂಜು ಕವಿದು, ಮುಳ್ಳುಗಳು ಕಾಣದೆ, ಮಧ್ಯಾಹ್ನ ಬಿಸಿಲು ಏರುವ ತನಕ ನಾನು ಕಾಲಾತೀತನಾಗಿರಬೇಕಾಗಿತ್ತು. ಆದರೂ ನೀರಿಗೆ ಹೆದರುವ ಗಡಿಯಾರಕ್ಕೆ ರಾಯದುರ್ಗಕ್ಕಿಂತ ಕ್ಷೇಮವಾದ ಊರು ಭೂಮಂಡಲದಲ್ಲಿ ಇರಲಾರದು. ಇಲ್ಲಿ ಮೋಡವೂ ಬಳ್ಳಾರಿಯ ಕಡೆಗೆ ಹೋಗುವಾಗ ನಮ್ಮ ಬೆಟ್ಟವನ್ನು ಒಂದು ಮೈಲಿಗಲ್ಲೆಂದು ನೋಡಿಕೊಂಡು ಮುಂದೆ ಸಾಗುತ್ತದೆ. ಇಂಥ ಊರಿನಲ್ಲಿ, ಇಂದು, ನನ್ನ ಎಡಗೈಯ ಮೇಲೆ ಕಡಲ ತಳಕ್ಕೆ ಇಳಿಯುವವರಿಗಾಗಿ ಮಾಡಿದ ಗಡಿಯಾರವೊಂದು ಕೂತಿದೆ. ಅದು ನನ್ನ ಕೈಗೆ ಬಂದದ್ದು ನನ್ನಾಕೆಯ ತಮ್ಮ ರಂಗನಿಂದ.

ನನ್ನ ಮಾವನ ಮನೆ ಮಡಕಶಿರಾದ ಆಚೆ, ಗುಡಿಬಂಡೆಯ ಹತ್ತಿರದ ಹಳ್ಳಿ. ಮಾವನವರು ಇಲ್ಲ, ಅತ್ತೆಯವರೇ ಕಡಲೆಕಾಯಿ, ರಾಗಿ, ಒಂದಿಷ್ಟು ಹಿಪ್ಪುನೇರಳೆಯ ತೋಟವೆಂದು ನಡೆಸಿಕೊಂಡು ಹೋಗುವ ಗಟ್ಟಿಗಿತ್ತಿ. ತೋಟದಲ್ಲಿ ಕಪಿಲೆ ಬಾವಿಯಿದೆ, ಎತ್ತುಗಳು ಇಳಿಜಾರಿನಲ್ಲಿ ನಡೆದು ಚರ್ಮದ ಬಾನಿಯಿಂದ ನೀರೆತ್ತುವ ಬಾವಿ. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಸಿಕೊಂಡು ಅದರಲ್ಲಿ ಈಜು ಕಲಿತ ರಂಗ ಕ್ರಮೇಣ ಬುರುಡೆ ಬಿಚ್ಚಿ, ಆಮೇಲೆ ಮೇಲೆ ಬರುವುದನ್ನೂ ಮರೆತವನಂತೆ ತಳದಲ್ಲೇ ಇರಲು ಕಲಿತ. ಸುತ್ತಿನ ಹಳ್ಳಿಗಳಲ್ಲಿ ಯಾರ ಬಾವಿಗೆ ಕೊಡ ಬಿದ್ದರೂ ಪಾತಾಳಗರಡಿಯ ಕೊಕ್ಕೆಗಳನ್ನು ಇಳಿಬಿಡುವ ಮೊದಲು ರಂಗನಿಗೆ ಹೇಳಿ ಕಳಿಸುತ್ತಿದ್ದರು. ಕೂಲಿಗೆಂದು ಮದರಾಸಿಗೆ ಹೋದವನು ಯುದ್ಧದ ವರ್ಷಗಳಲ್ಲಿ ಬಂದರಿನಲ್ಲಿ ಮುಳುಗುವವರ ತಂಡ ಸೇರಿದ. ತಾಮ್ರದ ಬುರುಡೆ ತಲೆಗೆ ಹಾಕಿ, ಸೀಸದ ಬೂಟು ಕಾಲಿಗೆ ಕಟ್ಟಿ, ಮೇಲಿನಿಂದ ಕೊಳವೆಯಲ್ಲಿ ಗಾಳಿ ಒತ್ತುತ್ತ, ಇವನನ್ನು ಕಡಲೊಳಗೆ ಇಳಿಸುತ್ತಿದ್ದರಂತೆ. ಸಮುದ್ರವನ್ನು ಪಟದಲ್ಲಿ ಮಾತ್ರ ನೋಡಿದ್ದ ನಮ್ಮ ಸೀಮೆಯಿಂದ ಸಮುದ್ರದ ತಳ ಕಂಡವನು ಅವನೊಬ್ಬನೇ.

ಯುದ್ಧ ಮುಗಿದ ಮರುವರ್ಷ ದಸರೆಯ ರಜಕ್ಕೆ ನಾವೂ ಹೋದೆವು, ಅವನೂ ಬಂದ. ನಮ್ಮ ಪ್ರಯಾಣವನ್ನು ವರ್ಣಿಸಿದರೆ ನಿಮಗೂ ಮೈಕೈ ನೋಯುತ್ತದೆ. ಬಳ್ಳಾರಿಯಲ್ಲಿ ಒಂದು ರೈಲು, ಗುಂತಕಲ್ಲಿನಲ್ಲಿ ಇನ್ನೊಂದು, ಹಿಂದೂಪುರದಿಂದ ಇದ್ದಲ ಗ್ಯಾಸಿನ ಬಸ್ಸು. ಆ ಬಸ್ಸಾದರೂ ಪ್ರತಿ ಏರಿನಲ್ಲೂ ನಮ್ಮನ್ನು ಇಳಿಸಿ, ನಾವು ಅದನ್ನು ಹತ್ತಿಸಿದ ಮೇಲೆ ನಮ್ಮನ್ನು ಹತ್ತಿಸಿಕೊಳ್ಳುತ್ತಿತ್ತು. ಮನೆ ಮುಟ್ಟಿದಾಗ ಜಗಲಿಯ ತುಂಬ ಜನ. ನಡುವೆ ರಂಗ, ಅವನ ಕೈಯ ಮೇಲೆ ಗಡಿಯಾರ. ಹೋಳಿಗೆಯ ಹೂರಣದುಂಡೆಯಷ್ಟು ದಪ್ಪ, ಉಕ್ಕಿನ ಮೈ, ಕರಿಯ ಮುಖದಲ್ಲಿ ಕತ್ತಲೆಯಲ್ಲೂ ಹೊಳೆಯುವ ಹಸಿರು ಅಂಕಿಗಳು. ತಂಡದಲ್ಲಿದ್ದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಡುವಾಗ ಇವನ ಕೆಲಸಕ್ಕೆ ಮೆಚ್ಚಿ ಬಿಚ್ಚಿ ಕಟ್ಟಿದ್ದಂತೆ. ಮೊದಲಿಗೆ ಇದನ್ನು ಮಾಡಿದ್ದು ಕಡಲತೀರದಲ್ಲಿ ಶೋಕಿಗೆ ಮುಳುಗುವ ಸಿರಿವಂತರಿಗಾಗಿ. ಯುದ್ಧ ಬಂದು ಅದಕ್ಕೂ ದುಡಿಯುವ ಯೋಗ ತಂದಿತು.

ಊಟವಾದ ಮೇಲೆ ರಂಗ ನನಗೆ ಅದರ ಕಟ್ಟೋಣವನ್ನು ವಿವರಿಸಿದ. ಗಾಜು ಒಡೆಯದಿರಲೆಂದು ದಪ್ಪ ಮಾಡುವುದು ಯಾರಿಗಾದರೂ ಹೊಳೆಯುವ ಉಪಾಯ. ಆದರೆ ಕಡಲೊಳಗೆ ಕೆಳಗಿಳಿದಷ್ಟೂ ಮೇಲಿನ ನೀರಿನ ಭಾರ ಹೆಚ್ಚುತ್ತದಲ್ಲ, ಆ ಭಾರವನ್ನೇ ಕೆಲಸಕ್ಕೆ ಹಚ್ಚಿದ್ದು ಅದನ್ನು ಮಾಡಿದವರ ಜಾಣತನ. ಗಾಜು ಕೂತಿರುವ ಅಂಚಿನಲ್ಲಿ ರಬ್ಬರಿನ ಉಂಗುರವಿದೆ. ನೀರು ಹೊರಗಿನಿಂದ ಒತ್ತಿದಷ್ಟೂ ಗಾಜು ಆ ಉಂಗುರದ ಮೇಲೆ ಇನ್ನಷ್ಟು ಬಿಗಿಯಾಗಿ ಕೂರುತ್ತದೆ. ಬೆನ್ನಿನ ಮುಚ್ಚಳಕ್ಕೆ ತಿರುಪು. ಕೀಲಿ ಕೊಡುವ ಗುಂಡಿಗೂ ತಿರುಪು. ಏಕೆಂದರೆ ದಿನವೂ ತೆರೆದು ಮುಚ್ಚಬೇಕಾದ, ನೀರು ಒಳನುಗ್ಗಬಹುದಾದ ಬಾಗಿಲು ಅದೊಂದೇ. “ಆಳಕ್ಕೆ ಹೋದ್ಮೇಲೆ ಭಯ ಇಲ್ಲ ಭಾವ, ಸಮುದ್ರಾನೇ ಅದನ್ನ ಮುಚ್ಚಿ ಹಿಡ್ಕಂತದೆ. ಜೋಪಾನ ಮಾಡ್ಬೇಕಾದ್ದು ಮೇಲಿದ್ದಾಗ” ಎಂದ.

ಗಡಿಯಾರ ಅವನಿಗೆ ಬೇಕಾದದ್ದು ಇಳಿಯುವುದಕ್ಕಲ್ಲ, ಏರುವುದಕ್ಕೆ. ಆಳದಿಂದ ಒಂದೇ ಸಮನೆ ಮೇಲೆ ಬಂದರೆ ರಕ್ತದೊಳಗೆ ಗಾಳಿ ಗುಳ್ಳೆಯೆದ್ದು ಕೀಲುಗಳನ್ನು ಹಿಡಿಯುತ್ತದಂತೆ, ಜೀವವೂ ಹೋಗುತ್ತದಂತೆ. ಅದಕ್ಕೆ ನಡುನಡುವೆ ನಿಂತು, ಇಂತಿಷ್ಟು ಹೊತ್ತೆಂದು ಕಾದು ಬರಬೇಕು. ಕೆಳಗೆ ತಳ ಕಾಣದು, ಮೇಲೆ ಬೆಳಕು ಕಾಣದು, ಹಗ್ಗ ಹಿಡಿದು ತೂಗುತ್ತ, ಹಸಿರು ಮುಳ್ಳನ್ನೇ ನೋಡುತ್ತ ನಿಲ್ಲಬೇಕು. ಇದನ್ನು ಹೇಳುವಾಗ ರಂಗ ಬಲಭುಜವನ್ನು ಎಡಗೈಯಿಂದ ನೀವಿಕೊಳ್ಳುತ್ತಿದ್ದ. ಬಸ್ಸಿನ ಕುಲುಕಾಟವಿರಬೇಕೆಂದು ನಾನು ನನ್ನ ಭುಜವನ್ನೂ ನೀವಿಕೊಂಡೆ.

ಆ ನಾಲ್ಕಾರು ದಿನ ಮನೆಗೆ ಬಂದವರೆಲ್ಲರ ಪ್ರಶ್ನೆ ಒಂದೇ, ಎಷ್ಟು ಆಳ. ನಮ್ಮ ಬಾವಿಯನ್ನು ಮೂರು ಸಲ ಇಳಿದಷ್ಟೇ, ಮಡಕಶಿರಾದ ಬೆಟ್ಟವನ್ನು ಮುಳುಗಿಸಿದರೆ ಎಷ್ಟೋ ಅಷ್ಟೇ, ಎಂದು ಅಳತೆಗಳನ್ನು ಅವರೇ ಹೇಳಿ ಅವರೇ ಬೆರಗಾಗುತ್ತಿದ್ದರು. ರಂಗ ಹೂಂ ಎನ್ನುತ್ತಿದ್ದ. ಹಬ್ಬ ಮುಗಿಸಿಕೊಂಡು ಅವನು ಇನ್ನೂ ಆಳದ ಕೆಲಸಕ್ಕೆ ಹೋಗಬೇಕಾಗಿತ್ತು. ಬಂದರಿನ ಹೊರಗೆ, ಇದುವರೆಗೆ ಯಾರೂ ಇಳಿಯದ ಕಡೆ ಒಂದು ಹಡಗು ಮುಳುಗಿ ಕೂತಿದೆ, ಅದರ ಹೊಟ್ಟೆಗೆ ಸರಪಳಿ ಹಾಕಬೇಕು, ಅದಕ್ಕೆ ಇವನೇ ಆಗಬೇಕು ಎಂದು ತಂಡದವರು ಹೇಳಿ ಕಳಿಸಿದ್ದರು. ಅತ್ತೆಯವರು ಇದನ್ನು ಬೀದಿಗೆಲ್ಲ ಹೇಳಿ ಬಂದಿದ್ದರು. ಮಗನಿಗೆ ಬೇಡವೆನ್ನುವ ದಾರಿಯನ್ನು ಅಭಿಮಾನದಿಂದಲೇ ಮುಚ್ಚಿಬಿಟ್ಟಿದ್ದೇವೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಆಯುಧಪೂಜೆ ಬಂತು. ನೇಗಿಲು, ಕುಂಟೆ, ಕುಡುಗೋಲು, ಬಾವಿಯ ಮಿಣಿಹಗ್ಗ, ರಾಗಿ ಅಳೆಯುವ ಸೇರು, ಕೊನೆಗೆ ನನ್ನ ಪೆನ್ನು ಕೂಡ ನಡುಮನೆಯ ಮಣೆಯ ಮೇಲೆ ಸಾಲಾಗಿ ಕೂತವು. ಆ ದಿನ ಪೂಜೆಗೆ ಇಟ್ಟ ಸಾಮಾನನ್ನು ಯಾರೂ ಮುಟ್ಟುವಂತಿಲ್ಲ; ಮರುದಿನ ವಿಜಯದಶಮಿಯಂದು ಎತ್ತಿಕೊಳ್ಳುವ ತನಕ ಅವಕ್ಕೆ ಬಿಡುವು. ವರ್ಷವಿಡೀ ಕೆಲಸ ಮಾಡಿದ ಕಬ್ಬಿಣಕ್ಕೂ ಒಂದು ದಿನ ಮಲಗುವ ಹಕ್ಕಿದೆಯೆಂದು ನಂಬುವ ಜನ ನಾವು. ಮನುಷ್ಯರಿಗೆ ಹಾಗೆ ಒಂದು ದಿನವನ್ನು ಯಾರೂ ಗೊತ್ತುಮಾಡಲಿಲ್ಲವೆಂಬುದು ನನ್ನ ಹಳೆಯ ತಕರಾರು. ಅತ್ತೆಯವರು ಮಗನ ಗಡಿಯಾರವನ್ನೂ ಕೇಳಿ ಇಸಿದುಕೊಂಡು ಮಣೆಯ ಮೇಲಿಟ್ಟರು. ಇಟ್ಟವರು ಬಗ್ಗಿ ನೋಡಿದರೆ ಅದು ಓಡುತ್ತಲೇ ಇದೆ.

“ನೇಗ್ಲಿಗೂ ಇವತ್ತು ರಜ ಐತೆ, ಕುಡ್ಲಿಗೂ ಐತೆ. ಇದೊಂದು ಯಾಕ್ಲಾ ಒಂದೇ ಸಮ ಓಡ್ಬೇಕು? ನಿಲ್ಸು” ಎಂದರು.

“ಅದು ನಿಲ್ಲೋ ಸಾಮಾನಲ್ಲ ಕಣಮ್ಮ.”

“ಓಡೋದನ್ನ ಪೂಜೆ ಮಾಡಿದ್ರೆ ದೇವ್ರು ಒಪ್ಕಂತಾನಾ? ನಿಲ್ಸು ಅಂದ್ರೆ.”

ರಂಗ ನನ್ನ ಮುಖ ನೋಡಿ ನಕ್ಕ. ಗುಂಡಿಯ ತಿರುಪನ್ನು ಸುತ್ತಿ ಸುತ್ತಿ ಬಿಚ್ಚಿ, ಉಗುರಿನಿಂದ ಹೊರಗೆಳೆದ. ಸೆಕೆಂಡಿನ ಮುಳ್ಳು ನಿಂತಿತು. ಒಂಬತ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಕಟ್ಟಿದ ಮೇಲೆ ಇದನ್ನು ನಿಲ್ಲಿಸಿದ್ದು ಇದೇ ಮೊದಲು ಎಂದು ಹೇಳಿ, ಎತ್ತುಗಳ ಮೈ ತೊಳೆಯಲು ಬಾವಿಯ ಕಡೆ ಹೋದ. ನಾನು ಜಗಲಿಗೆ ಹೋಗಿ ಕಂಬಕ್ಕೊರಗಿ, ನಿದ್ದೆಗೂ ಎಚ್ಚರಕ್ಕೂ ನಡುವಿನ ನನ್ನ ಪ್ರಿಯವಾದ ಸ್ಥಾನದಲ್ಲಿ ನೆಲೆಸಿದೆ.

ಮುಂದಿನದು ನನ್ನಾಕೆ ಆಮೇಲೆ ಹೇಳಿದ್ದು. ನೇಗಿಲಿಗೂ ಕುಡುಗೋಲಿಗೂ ಅತ್ತೆಯವರು ಹೂವಿನಿಂದ ನೀರು ಚಿಮುಕಿಸಿ ಅರಿಸಿನ ಕುಂಕುಮ ಇಟ್ಟರು. ಪೆನ್ನಿಗೆ ಬರಿಯ ಅಕ್ಷತೆ. ಶಾಯಿ ಕದಡೀತೆಂಬ ವಿವೇಕ ಅವರಿಗಿತ್ತು. ಗಡಿಯಾರದ ಸರದಿ ಬಂದಾಗ ಮಾತ್ರ, ಇದು ನೀರಿನಲ್ಲೇ ದುಡಿಯುವ ಸಾಮಾನಲ್ಲವೆ, ಇದಕ್ಕೆ ಚಿಮುಕಿಸಿದರೆ ಎಲ್ಲಿ ಸಾಕಾದೀತು ಎಂದುಕೊಂಡು ತಾಮ್ರದ ಚೊಂಬನ್ನೇ ಎತ್ತಿಕೊಂಡರು. ನನ್ನಾಕೆ ಹಿಂಜರಿದದ್ದಕ್ಕೆ, “ಸಮುದ್ರಾನೇ ಏನೂ ಮಾಡ್ಲಿಲ್ವಂತೆ, ನನ್ನ ಚೊಂಬು ಏನ್ ಮಾಡ್ತದೆ” ಎಂದರು. ಮಗ ಹೋಗುವ ಕಡಲನ್ನು ಮನಸ್ಸಿನಲ್ಲಿ ನೆನೆದು, ಅವನನ್ನು ಇಳಿಸಿದಂತೆಯೇ ಏರಿಸಿ ಕಳಿಸಪ್ಪಾ ಎಂದು ಬೇಡಿ, ಚೊಂಬಿನ ನೀರನ್ನೆಲ್ಲ ಅದರ ಮೇಲೆ ಅಭಿಷೇಕ ಮಾಡಿದರು. ಈ ತರ್ಕದಲ್ಲಿ ದೋಷ ಹುಡುಕಲು ನನ್ನಿಂದ ಇವತ್ತಿಗೂ ಆಗಿಲ್ಲ. ಇದ್ದದ್ದು ಒಂದೇ ಕೊರತೆ: ಬಿಡುವು ಕೊಡಲೆಂದು ರಂಗ ಹೊರಗೆಳೆದ ಗುಂಡಿಯ ಆ ಒಂದು ಬಾಗಿಲು ತೆರೆದೇ ಇತ್ತು.

ಮರುದಿನ ಬೆಳಿಗ್ಗೆ ಆಯುಧಗಳನ್ನು ಎತ್ತಿಕೊಳ್ಳುವ ಹೊತ್ತಿಗೆ ಗಾಜಿನೊಳಗೆ ಮಂಜು ಕವಿದಿತ್ತು, ಮಂಜಿನ ಕೆಳಗೆ ಅಂಕಿಗಳನ್ನು ಮುಟ್ಟುವಂತೆ ಒಂದು ಪುಟ್ಟ ಕೆರೆ. ರಂಗ ಗುಂಡಿ ಒತ್ತಿದ, ತಿರುಗಿಸಿದ, ಕಿವಿಗೆ ಹಿಡಿದ. ಚೊಂಬಿನ ಕಥೆ ಕೇಳಿ ಅವನ ಮುಖದಲ್ಲಿ ಸಿಟ್ಟು ಬರುತ್ತದೆಂದು ನಾವೆಲ್ಲ ಕಾದೆವು. ಅದು ಬರಲಿಲ್ಲ. ಅತ್ತೆಯವರು ಪಾಪ, ಸೆರಗಿನಿಂದ ಅದನ್ನು ಒರೆಸಿ ಒರೆಸಿ, ಒರೆಸಬೇಕಾದದ್ದು ಒಳಗೆ ಎಂದು ಕಂಡು ಬೆದರಿ ಹೋಗಿದ್ದರು.

“ಇದಿಲ್ದೆ ಹೆಂಗ್ಲಾ ಇಳೀತೀಯ ನೀನು?”

“ಇಳಿಯಲ್ಲ” ಎಂದ ರಂಗ. ಆಮೇಲೆ ಮಣೆಯ ಪಕ್ಕದಲ್ಲೇ, ನೇಗಿಲಿನ ಮಗ್ಗುಲಲ್ಲಿ ಕುಕ್ಕರಿಸಿ ಕೂತ. “ನಂಗೆ ಸಾಕಾಗೈತೆ ಕಣಮ್ಮ. ಈ ತೋಳು ಎತ್ತಕ್ಕಾಗಲ್ಲ. ಮೇಲೆ ಬರೋವಾಗ ಆ ನಡು ನೀರಾಗೆ ನಿಂತ್ಕಂಡು, ಸಾಕು, ಈ ಮುಳ್ಳು ನಿಂತೋದ್ರೆ ಸಾಕು ಅಂತ ಎಷ್ಟು ಸಲ ಅಂದ್ಕಂಡಿದೀನೋ.”

“ಅಂಗಂತ ಮೊದ್ಲೇ ಯಾಕೆ ಹೇಳ್ಲಿಲ್ಲ?”

“ಯಾರು ಕೇಳಿದ್ರಿ? ಬಂದೋರೆಲ್ಲ ಎಷ್ಟು ಆಳ ಅಂದ್ರು. ದಣಿದಿದೀಯೇನಪ್ಪ ಅಂತ ಒಬ್ರು ಅಂದ್ರಾ?”

ಹೇಳಿ ಮುಗಿಸಿ ಮಂಡಿಯ ಮೇಲೆ ತಲೆಯಿಟ್ಟು ಅತ್ತ. ದೊಡ್ಡ ದನಿಯಲ್ಲಲ್ಲ, ಆದರೆ ಕಡಲಿಗೆ ಬಗ್ಗದವನು ತಾಯಿಯ ಒಂದು ಚೊಂಬು ನೀರಿಗೆ ಹಾಗೆ ಬಿಚ್ಚಿಕೊಂಡ. ಭಾರ ಹೆಚ್ಚಿದಷ್ಟೂ ಬಿಗಿಯಾಗಿ ಮುಚ್ಚಿಕೊಳ್ಳುವುದು ಗಡಿಯಾರ ಮಾಡುವವರಿಗೆ ಹೊಳೆದ ಹೊಸ ಉಪಾಯವೆಂದು ನಾನು ಬೆರಗಾಗಿದ್ದೆನಲ್ಲ, ಅದೇನೂ ಹೊಸದಲ್ಲ. ಮನೆಮನೆಯಲ್ಲೂ ಜನ ಹಾಗೇ ಬದುಕುತ್ತಿದ್ದಾರೆ. ಹೊರಗಿನ ಒತ್ತಡವೇ ಅವರ ಮುಚ್ಚಳವನ್ನು ಕಾಪಾಡುತ್ತಿರುತ್ತದೆ, ನಾವು ಗಟ್ಟಿ ಮನುಷ್ಯ ಎಂದು ಹೊಗಳಿ ಇನ್ನೂ ಸ್ವಲ್ಪ ಒತ್ತುತ್ತೇವೆ.

ಅತ್ತೆಯವರು ಮಗನ ಭುಜದ ಮೇಲೆ ಕೈಯಿಟ್ಟು, ಎಲ್ಲಿ ನೋವೆಂದು ಬೆರಳಿನಿಂದ ಹುಡುಕಿ, “ಏಳು, ಮಲಿಕ್ಕ ಹೋಗು ಮೊದ್ಲು” ಎಂದರು. ರಂಗ ಒಳಗೆ ಹೋಗಿ ಚಾಪೆಯ ಮೇಲೆ ಬಿದ್ದುಕೊಂಡವನು, ಸಂಜೆ ಊರೆಲ್ಲ ಬನ್ನಿ ಕೊಟ್ಟು ತೆಗೆದುಕೊಳ್ಳುವಾಗಲೂ ಏಳಲಿಲ್ಲ. ಆಳ ಕೇಳಲು ಬಂದವರನ್ನು ಅತ್ತೆಯವರು ಬಾಗಿಲಲ್ಲೇ ಕೈಸನ್ನೆ ಮಾಡಿ ತಡೆದು, ಬನ್ನಿ ಎಲೆ ಇಸಿದುಕೊಂಡು ಕಳಿಸಿದರು. ಬೀದಿಗೆಲ್ಲ ಹೇಳಿ ಬಂದದ್ದನ್ನು ಮತ್ತೆ ಬೀದಿಗೆಲ್ಲ ಅಳಿಸಿ ಬರುವುದು ಅವರಿಗೆ ಸುಲಭವಾಗಿರಲಿಲ್ಲ. ಆದರೂ ವಾರದೊಳಗೆ ಅಳಿಸಿದರು. ರಂಗ ಮದರಾಸಿಗೆ ಒಮ್ಮೆ ಹೋಗಿ ಲೆಕ್ಕ ಮುಗಿಸಿ ಬಂದ. ಈಗ ಪಕ್ಕದ ಊರಾದ ರೊಳ್ಳದ ಕಡೆ ಇನ್ನೊಂದಿಷ್ಟು ಹಿಪ್ಪುನೇರಳೆ ಹಾಕಿಸಿ ರೇಷ್ಮೆಹುಳು ಸಾಕುತ್ತಿದ್ದಾನೆ. ಬಲಗೈ ತಲೆಯ ತನಕ ಎತ್ತುವುದು ಇಂದಿಗೂ ಆಗುವುದಿಲ್ಲ. ತಿಂದು ತಿಂದು ದಣಿದು, ತಲೆಯೆತ್ತಿ ನಿದ್ದೆ ಹೋಗುವ ಹುಳುಗಳನ್ನು ನೋಡುವುದೇ ಒಂದು ಸುಖ ಭಾವ ಎಂದು ಒಮ್ಮೆ ನನಗೆ ಹೇಳಿದ.

ಗಡಿಯಾರವನ್ನು ಅವನು ನನಗೇ ಕೊಟ್ಟ. “ನಿಮ್ಮೂರಾಗೆ ಎಲ್ರೂ ಗಂಟೆ ಕೇಳ್ತಾರಲ್ಲ, ತಗಳಿ. ರಿಪೇರಿ ಆದ್ರೆ ಕಟ್ಕಳಿ” ಎಂದ. ರಾಯದುರ್ಗದಲ್ಲಿ ಗಡಿಯಾರ ರಿಪೇರಿಯವನು ಬೆನ್ನಿನ ತಿರುಪು ಬಿಚ್ಚಲು ಒಂದು ಬೆಳಗು ಹೋರಾಡಿ, ಒಳಗಿನ ತುಕ್ಕು ನೋಡಿ, “ಇದಕ್ಕ ಬೇಕಾದ ಸಾಮಾನು ಬಳ್ಳಾರಿಯಾಗೂ ಸಿಗಂಗಿಲ್ರಿ” ಎಂದು ಬಟ್ಟೆಯಲ್ಲಿ ಒರೆಸಿ ಮುಚ್ಚಿ ಕೊಟ್ಟ. ಅಷ್ಟರಲ್ಲಿ ನನ್ನ ಹಳೆಯ ಶೀತಪ್ರಕೃತಿಯದೂ ಕಣ್ಣುಮುಚ್ಚಿತ್ತು. ನಿಂತ ಗಡಿಯಾರಗಳೆರಡರಲ್ಲಿ ಭವ್ಯವಾದದ್ದನ್ನು ಆರಿಸಿ ಕಟ್ಟಿಕೊಂಡಿದ್ದೇನೆ. ತರಗತಿಗೆ ಹೊತ್ತು ಹೇಳಲು ಜವಾನನ ಗಂಟೆಯಿದೆ, ಮನೆಯಲ್ಲಿ ನನ್ನಾಕೆಯಿದ್ದಾಳೆ.

ಆದರೆ ಮಲ್ಲಪ್ಪ ಬಿಡಬೇಕಲ್ಲ. ನಿಂತ ಮುಳ್ಳನ್ನೇ ನೋಡಿದಂತೆ ಮಾಡಿ ಅವನಿಗೆ ಅಂದಾಜಿನ ಐದೂವರೆಯನ್ನೇ ಹೇಳುತ್ತ ಬಂದಿದ್ದೆ. ಮೊನ್ನೆ ಸಂಜೆ, ಕಾಗದದ ಕಟ್ಟು ಕಂಕುಳಲ್ಲಿಟ್ಟುಕೊಂಡು ಶಾಲೆಯ ಗೋಡೆಯ ಪಕ್ಕ ಕಾಲೆಳೆಯುತ್ತ ಬರುತ್ತಿದ್ದೆ. ಕುರಿಗಳು ಬಂದವು, ಹಿಂದೆ ಅವನು ಬಂದ. “ಟೈಮ್ ಎಷ್ಟಾತ್ರಿ ಮೇಷ್ಟ್ರ?” ಎಂದ. ವಾಡಿಕೆಯಂತೆ ನಿಂತು, ತೋಳು ಸರಿಸಿ, ಕನ್ನಡಕ ಏರಿಸಿದೆ. ಕಡಲನ್ನು ತಡೆದ ಆ ಗಡಿಯಾರ, ಒಂಬತ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ ಎಂದಿತು. ತಲೆಯೆತ್ತಿ ನೋಡಿದರೆ ಮಲ್ಲಪ್ಪ ಕೋಲಿನ ಮೇಲೆ ಗದ್ದವೂರಿ ನಿಂತಿದ್ದಾನೆ. ಇಷ್ಟು ವರ್ಷಗಳಲ್ಲಿ ನಾನು ಗಡಿಯಾರ ನೋಡುತ್ತಿದ್ದೆನೇ ಹೊರತು ಕೇಳಿದವನನ್ನು ನೋಡಿರಲಿಲ್ಲ. ನಾನು ತೋಳು ಸರಿಸಿ ಕನ್ನಡಕ ಏರಿಸುವಷ್ಟು ಹೊತ್ತು ಅವನಿಗೆ ನಿಲ್ಲಲು ಒಂದು ನೆಪ ಬೇಕಾಗಿತ್ತು, ಅಷ್ಟೆ.

“ದಣಿದೀಯೇನು ಮಲ್ಲಪ್ಪ?” ಎಂದೆ.

ಅವನು ಗೋಡೆಯ ಬುಡದ ಚಪ್ಪಡಿಯ ಮೇಲೆ ಕೂತು, ಹೆಗಲ ಕಂಬಳಿ ತೆಗೆದು ಪಕ್ಕದಲ್ಲಿ ಹಾಸಿದ.

“ಹೌದ್ರಿ, ಭಾಳ ದಣಿದೀನಿ. ನೀವೂ ಕುಂದರ್ರಿ ಮೇಷ್ಟ್ರ, ನೀವೂ ದಣಿದೀರಿ. ದಿನಾ ನೋಡ್ತೀನಲ್ಲ.”